ಪುಸ್ತಕದ ಮೇಲಿನ ನಂಬರ್

ಮಕ್ಕಳಿಗೆ ಮನೆಯಲ್ಲೇ ಕಲಿಸ್ತಿದೀವಿ ಅಂತ ಗೊತ್ತಾದ ತಕ್ಷಣ ಯಾರೇ ಆಗ್ಲಿ ಕೇಳೋ ಮೊದಲ ಪ್ರಶ್ನೆ, "ಯಾವ ಪುಸ್ತಕ ಇಟ್ಕೊಂಡಿದೀರ?" ಅಂತ. ಹೋಂಸ್ಕೂಲಿಂಗ್ ಶುರು ಮಾಡೋ ಯೋಚನೆಯಲ್ಲಿರೋ ಅಪ್ಪ ಅಮ್ಮಂದಿರಂತೂ ಫೋನ್ ತೆಗೆದು ಟೈಪ್ ಮಾಡ್ಕೊಳ್ಳೋಕೆ ರೆಡಿಯಾಗೇ ಕೂತಿರ್ತಾರೆ, ಲಿಸ್ಟ್ ಹೇಳಿ ಅಂತ. ಹೇಳೋಕೆ ನನಗೇನೂ ಬೇಜಾರಿಲ್ಲ. ಆದ್ರೆ ಹೇಳಿ ಕಳಿಸಿದ ಮೇಲೆ ಒಂಥರಾ ಕಿರಿಕಿರಿ ಉಳಿಯುತ್ತೆ, ಯಾಕಂದ್ರೆ ಆ ಲಿಸ್ಟ್‌ನಲ್ಲಿರೋ ಒಂದೊಂದು ವಸ್ತೂ ನಮ್ಮ ಮನೇಲಿ ಒಂದು ಮಗೂಗೆ ಹಿಡಿಸಿ ಇನ್ನೊಂದಕ್ಕೆ ಹಿಡಿಸದೇ ಇರೋದೇ. ಮೂರು ಮಕ್ಕಳು, ಮೂರು ಥರ. ದೊಡ್ಡವಳಿಗೆ ಎಂಟು ವರ್ಷ, ಓದು ಅಂದ್ರೆ ಅವಳಿಗೆ ಇವತ್ತಿಗೂ ಬೆಟ್ಟ ಹತ್ತೋ ಕೆಲಸ, ಆದ್ರೆ ಲೆಕ್ಕದಲ್ಲಿ ನಾನು ಹೇಳೋಕೆ ಮುಂಚೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತಿರ್ತಾಳೆ. ನಡುವಿನವನಿಗೆ ಆರು, ಏನು ಕೊಟ್ಟರೂ ಗಡಗಡ ಅಂತ ಓದ್ತಾನೆ, ಆದ್ರೆ ಪೆನ್ಸಿಲ್ ಕೈಗೆ ಕೊಟ್ಟರೆ ಐದು ನಿಮಿಷಕ್ಕೆ ಕಣ್ಣಲ್ಲಿ ನೀರು. ಚಿಕ್ಕವಳಿಗೆ ನಾಲ್ಕು, ಅವಳಿಗೆ ಇವರಿಬ್ಬರು ಏನು ಮಾಡ್ತಾರೋ ಅದೇ ಬೇಕು, ಅಷ್ಟೇ.

ಈ ಕಿರಿಕಿರಿಗೆ ಒಂದು ರೂಪ ಬಂದಿದ್ದು ಒಂದು ಬೆಳಗ್ಗೆ. ಓದೋ ಪುಸ್ತಕಗಳ ಸೀರೀಸ್ ಒಂದಿತ್ತು, ಒಂದೊಂದರ ಮೇಲೂ ದೊಡ್ಡದಾಗಿ ಬಣ್ಣದ ವೃತ್ತದಲ್ಲಿ 1, 2, 3 ಅಂತ ಲೆವೆಲ್ ಅಚ್ಚಾಗಿರುತ್ತಲ್ಲ, ಆ ಥರದ್ದು. ನಡುವಿನವನು ಮೂರನೇದು ಮುಗಿಸಿ ನಾಲ್ಕಕ್ಕೆ ಬಂದಿದ್ದ. ಏನೂ ಕೆಟ್ಟ ಉದ್ದೇಶ ಇಲ್ಲದೇನೇ, ಹವಾಮಾನದ ಸುದ್ದಿ ಹೇಳೋ ಥರ, "ಅಕ್ಕ ಇನ್ನೂ ಎರಡರಲ್ಲೇ ಇದ್ದಾಳೆ" ಅಂದ. ಅವಳು ಏನೂ ಮಾತಾಡ್ಲಿಲ್ಲ, ಜಗಳಾನೂ ಆಡ್ಲಿಲ್ಲ. ಮಧ್ಯಾಹ್ನ ನೋಡಿದ್ರೆ ನೆಲದ ಮೇಲೆ ಹಳೇ ಪೇಪರ್, ಕತ್ತರಿ, ಗಮ್ ಟೇಪ್ ಹರಡ್ಕೊಂಡು ಆ ಪುಸ್ತಕಕ್ಕೆ ಬೈಂಡ್ ಹಾಕ್ತಿದ್ದಾಳೆ. "ಯಾಕಮ್ಮ, ಹರಿದೋಗಿದೆಯಾ?" ಅಂದೆ. "ಇಲ್ಲ, ಹರೀಬಾರ್ದು ಅಂತ" ಅಂದ್ಲು. ನಂಬರ್ ಇರೋ ಜಾಗದಲ್ಲಿ ಪೇಪರ್ ಎರಡು ಮಡಿಕೆ ಬಂದಿತ್ತು.

ಆ ನಂಬರ್ ಅಲ್ಲಿ ಯಾಕಿದೆ ಅಂತ ಯೋಚನೆ ಮಾಡಿದ್ರೆ, ಅದು ಮಗೂಗೆ ಅಂತ ಇರೋದಲ್ಲ. ಒಂದೇ ವಯಸ್ಸಿನ ಮೂವತ್ತು ನಲವತ್ತು ಮಕ್ಕಳನ್ನ ಒಂದೇ ಕೋಣೇಲಿ ಕೂರಿಸ್ಕೊಂಡಾಗ ಯಾರ ಕೈಗೆ ಏನು ಕೊಡಬೇಕು ಅಂತ ಬೇಗ ತೀರ್ಮಾನ ಮಾಡೋಕೆ ಟೀಚರ್‌ಗೆ ಒಂದು ಗುರುತು ಬೇಕು, ಅಂಗಡೀಲಿ ನಿಂತ ದೊಡ್ಡವರಿಗೂ ಬೇಕು. ಒಂದು ಪ್ರಕಾಶನದ ಎರಡು ಇನ್ನೊಂದರ ಎರಡಕ್ಕೆ ಸಮ ಅಂತೇನೂ ಇಲ್ಲ, ಪಕ್ಕಪಕ್ಕ ಇಟ್ಟು ನೋಡಿದವರಿಗೆ ಗೊತ್ತಿರುತ್ತೆ. ಮನೇಲಿ ಮೂರೇ ಮಕ್ಕಳು, ಯಾರಿಗೆ ಏನು ಬರುತ್ತೆ ಅನ್ನೋದು ನನಗೆ ನಂಬರ್ ನೋಡದೇನೇ ಗೊತ್ತು. ಹಾಗಾಗಿ ಮನೇಲಿ ಆ ನಂಬರ್ ಮಾಡೋ ಕೆಲಸ ಒಂದೇ, ಅಣ್ಣ ತಮ್ಮ ಅಕ್ಕ ತಂಗಿಯರ ಮಧ್ಯೆ ಸ್ಕೋರ್‌ಬೋರ್ಡ್ ಆಗೋದು. ಸ್ಕೂಲಲ್ಲಾದ್ರೆ ಹಿಂದೆ ಬಿದ್ದ ಮಗು ಸಂಜೆ ಮನೆಗೆ ಬಂದು ಮರೀಬಹುದು. ಮನೇಲೇ ಕಲಿಯೋ ಮಗು ಎಲ್ಲಿಗೆ ಹೋಗುತ್ತೆ? ತನಗಿಂತ ಮುಂದಿರೋ ತಮ್ಮನ ಜೊತೆಗೇ ಊಟಕ್ಕೆ ಕೂರಬೇಕು.

ಅವತ್ತಿಂದ ಯಾವುದೇ ಹೊಸ ಪುಸ್ತಕ, ಆಟದ ಸಾಮಾನು, ಆಪ್ ನೋಡಿದ್ರೂ ನಾನು ಮೊದಲು ನೋಡೋದು ಇದು ಯಾವ ವಯಸ್ಸಿಗೆ ಅಂತ ಅಲ್ಲ. ಇದು ಯಾವ ಒಂದು ಕೆಲಸ ಕಲಿಸುತ್ತೆ, ಆ ಕೆಲಸದ ಜೊತೆ ಬೇರೆ ಏನೇನನ್ನ ಕಟ್ಟಿ ಹಾಕಿದೆ, ಮತ್ತೆ ಇದು ಮಕ್ಕಳ ಮಧ್ಯೆ ಕೂತ್ಕೊಂಡು ಯಾರು ಮೇಲೆ ಯಾರು ಕೆಳಗೆ ಅಂತ ಹೇಳ್ತಾ ಇರುತ್ತಾ ಅಂತ.

ಓದು ಅನ್ನೋದು ಎರಡು ಕೆಲಸ

1986ರಲ್ಲಿ ಗಾಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಸೂತ್ರ ಕೊಟ್ಟರು. ಓದಿ ಅರ್ಥ ಮಾಡ್ಕೊಳ್ಳೋದು ಅಂದ್ರೆ ಅಕ್ಷರ ಬಿಡಿಸಿ ಪದ ಮಾಡ್ಕೊಳ್ಳೋ ಶಕ್ತಿ ಗುಣಿಸು ಭಾಷೆ ಅರ್ಥ ಆಗೋ ಶಕ್ತಿ. ಕೂಡೋದಲ್ಲ, ಗುಣಿಸೋದು. ಎರಡರಲ್ಲಿ ಯಾವುದಾದ್ರೂ ಒಂದು ಸೊನ್ನೆ ಆದ್ರೆ ಇನ್ನೊಂದು ಎಷ್ಟೇ ಇದ್ರೂ ಉತ್ತರ ಸೊನ್ನೆ. ಇದನ್ನ ಓದಿದಾಗ ನಮ್ಮನೆ ಇಬ್ಬರೂ ಕಣ್ಣ ಮುಂದೆ ಬಂದ್ರು.

ಒಂದು ಚಿಕ್ಕ ಕಥೆ ಓದಿಸ್ತಿದ್ದೆ, ಚೆಂಡು ಬಾವಿಗೆ ಬಿದ್ದು ಮಕ್ಕಳೆಲ್ಲ ಸೇರಿ ಅದನ್ನ ಮೇಲೆ ತರೋ ಕಥೆ. ನಡುವಿನವನು ಒಂದೂ ತಪ್ಪಿಲ್ಲದೆ, ಒತ್ತಕ್ಷರ ಎಲ್ಲ ಸರಿಯಾಗಿ, ಉಸಿರು ಬಿಡದೇ ಓದಿದ. "ಸರಿ, ಚೆಂಡು ಎಲ್ಲಿ ಬಿತ್ತು?" ಅಂತ ಕೇಳಿದೆ. ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಪುಟ ಹಿಂದೆ ತಿರುಗಿಸಿ ಬೆರಳಿಟ್ಟು ಹುಡುಕೋಕೆ ಶುರು ಮಾಡಿದ. ಅಷ್ಟರಲ್ಲಿ ಆ ಕಡೆ ಮೂಲೇಲಿ ಏನೋ ಅಂಟಿಸ್ತಾ ಕೂತಿದ್ದ ದೊಡ್ಡವಳು ತಲೆ ಎತ್ತದೇ, "ಬಾವಿಗೆ. ಅಲ್ಲಮ್ಮ, ಬಾವಿ ಪಕ್ಕ ಬಿಂದಿಗೆ ಹಗ್ಗ ಇದೆ ಅಂತ ಆಗಲೇ ಬಂತಲ್ಲ, ಅದನ್ನ ಬಿಟ್ಟು ಕೋಲು ಯಾಕೆ ಹುಡುಕ್ತಾರೆ ಅವರು?" ಅಂದ್ಲು. ಅದೇ ಪುಟಾನ ಅವಳ ಕೈಗೆ ಕೊಟ್ಟಿದ್ರೆ ಮೂರನೇ ಸಾಲಿಗೆ ಬರೋಷ್ಟರಲ್ಲಿ ಸುಸ್ತಾಗಿ, ಮೊದಲ ಸಾಲಲ್ಲಿ ಏನಿತ್ತು ಅನ್ನೋದೇ ಮರೆತಿರ್ತಿತ್ತು. ಲೆವೆಲ್ ನಂಬರ್ ಲೆಕ್ಕದಲ್ಲಿ ಅವನು ನಾಲ್ಕು ಇವಳು ಎರಡು. ಕಥೆ ಅರ್ಥ ಆಗಿದ್ದು ಯಾರಿಗೆ?

ಕನ್ನಡದಲ್ಲಿ ಈ ಮೋಸ ಇನ್ನೂ ಸುಲಭ ಅನ್ಸುತ್ತೆ ನನಗೆ. ಬರೆದಂಗೇ ಓದೋ ಲಿಪಿ, ಒಂದು ಸಲ ಅಕ್ಷರ ಗುಣಿತ ಒತ್ತು ಹಿಡಿತಕ್ಕೆ ಬಂತು ಅಂದ್ರೆ ಮಗು ಅರ್ಥವೇ ಗೊತ್ತಿಲ್ಲದ ಸಂಪಾದಕೀಯಾನೂ ಓದಿ ಬಿಸಾಕುತ್ತೆ, ಮನೆಗೆ ಬಂದವರು ಅಬ್ಬಾ ಅಂತಾರೆ. ಆದ್ರೆ ಆ ಹಿಡಿತ ಬರೋ ತನಕದ ದಾರಿ ಉದ್ದ. ದೊಡ್ಡವಳು ಸಿಕ್ಕಿಹಾಕ್ಕೊಂಡಿದ್ದು ಪ, ವ, ಮ, ಷ ಈ ಗುಂಪಲ್ಲಿ. ನೋಡಿದ್ರೆ ಎಲ್ಲ ಒಂದೇ ಮನೆಯವರ ಮುಖ. ಪ ಒಳಗೆ ಒಂದು ಗೀರು ಎಳೆದ್ರೆ ಷ. ವ ಪಕ್ಕದಲ್ಲಿ ಒಂದು ಕೊಂಡಿ ಸೇರಿಸಿದ್ರೆ ಮ, ಹಾಗಂತ ವ ಗೆ ಕೊಂಬು ಕೊಟ್ಟರೆ ಬರೋದು ಮ ಅಲ್ಲ ವು, ಅಲ್ಲಿ ಕೊಂಬು ಸಾಲಿನಿಂದ ಕೆಳಗೆ ಇಳಿಯುತ್ತೆ. ನಮಗೆ ದೊಡ್ಡವರಿಗೆ ಇದು ಕಾಣೋದೇ ಇಲ್ಲ, ಕಣ್ಣು ಪದಾನೇ ನುಂಗಿಬಿಡುತ್ತೆ. ಅವಳಿಗೆ ಬೇಕಾಗಿದ್ದು ಇನ್ನೊಂದು ಚಂದದ ಕಥೆಪುಸ್ತಕ ಅಲ್ಲ, ಈ ನಾಲ್ಕು ಅಕ್ಷರ ಮತ್ತು ಆಗಲೇ ಗೊತ್ತಿರೋ ಕೆಲವು ಅಕ್ಷರ ಮಾತ್ರ ಇರೋ ಪದಗಳು, ಸಾಲುಗಳು. ಅಂಥದ್ದು ಅಚ್ಚಾಗಿ ಸಿಗೋದು ಕಮ್ಮಿ. ರಟ್ಟಿನ ಚೀಟಿ ಕತ್ತರಿಸಿ ಮಾರ್ಕರ್‌ನಲ್ಲಿ ಬರೆದೆ, ವನ, ಮನ, ಪದ, ಮರ, ವರ, ಪರ. ಜೋಡಿ ಮಾಡು, ಬೇರೆ ಮಾಡು, ನಾನು ಹೇಳಿದ್ದನ್ನ ಎತ್ತು, ನೀನು ಹೇಳು ನಾನು ಎತ್ತುತೀನಿ. ನೋಡೋಕೆ ಏನೂ ಚಂದ ಇಲ್ಲ, ಲೆವೆಲ್ ನಂಬರ್ ಅಂತೂ ಮೊದಲೇ ಇಲ್ಲ.

ಜೊತೆಗೆ ಅವಳ ಕಿವಿಗೆ ಬೇರೆ ಊಟ. ಆಡಿಯೋ ಕಥೆಗಳು, ನಾನು ಜೋರಾಗಿ ಓದೋ ದಪ್ಪ ಪುಸ್ತಕಗಳು. ಅಕ್ಷರ ಕಲಿಯೋ ವರ್ಷಗಳಲ್ಲಿ ಮಕ್ಕಳಿಗೆ ಕೇಳಿ ಅರ್ಥ ಆಗೋದು ಓದಿ ಅರ್ಥ ಆಗೋದಕ್ಕಿಂತ ತುಂಬ ಮುಂದೆ ಇರುತ್ತೆ, ಓದೋಕೆ ಬರೋದು ಅಷ್ಟೇ ಅಂತ ಕೇಳ್ಸೋದೂ ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ ಅವಳ ಗುಣಾಕಾರದ ಎರಡನೇ ಅಂಕಿನೂ ಸೊರಗುತ್ತೆ. ಕೆಲವರು ಇದನ್ನ ಶಾರ್ಟ್‌ಕಟ್ ಅಂತಾರೆ, ಕೇಳಿಸಿಬಿಟ್ಟರೆ ಓದೋಕೆ ಸೋಮಾರಿತನ ಬರುತ್ತೆ ಅಂತ. ನಾನು ಒಪ್ಪಲ್ಲ, ಎರಡೂ ಬೇರೆ ಬೇರೆ ಕೆಲಸ, ಒಂದು ಇನ್ನೊಂದರ ಜಾಗ ಕಿತ್ಕೊಳ್ಳಲ್ಲ, ಅಕ್ಷರದ ಚೀಟಿ ಆಟ ದಿನಾ ನಡೀತಾ ಇದ್ರೆ ಸಾಕು.

ನಡುವಿನವನಿಗೆ ತದ್ವಿರುದ್ಧ. ಅವನಿಂದ ಅಕ್ಷರಗಳನ್ನೇ ಕಿತ್ಕೊಂಡೆ! ಪದಗಳೇ ಇಲ್ಲದ ಚಿತ್ರಪುಸ್ತಕ, ಬರೀ ಚಿತ್ರದಲ್ಲೇ ಕಥೆ ಇರೋದು. ಮೊದಮೊದಲು ಅವನಿಗೆ ತಲೆ ಬುಡ ಗೊತ್ತಾಗ್ತಿರಲಿಲ್ಲ, ಪಟಪಟ ಅಂತ ಪುಟ ತಿರುಗಿಸಿ "ಆಯ್ತು" ಅನ್ನೋನು. ಒಂದು ಪುಟದಲ್ಲಿ ನಿಲ್ಲಿಸಿ ಈ ಅಜ್ಜಿ ಮುಖ ಯಾಕೆ ಹೀಗಿದೆ, ಹಿಂದಿನ ಪುಟದಲ್ಲಿ ಇವಳ ಕೈಯಲ್ಲಿ ಏನಿತ್ತು ಅಂತ ಕೇಳ್ತಾ ಕೇಳ್ತಾ ನಿಧಾನ ಆದ. ತಮಾಷೆ ಅಂದ್ರೆ ಇದೇ ಪುಸ್ತಕ ಚಿಕ್ಕವಳಿಗೂ ಬೇಕು, ದೊಡ್ಡವಳಿಗೂ ಬೇಕು, ಮೂರೂ ಜನ ಒಂದೇ ಪುಟಕ್ಕೆ ಮೂರು ಕಥೆ ಹೇಳ್ತಾರೆ, ದೊಡ್ಡವಳದ್ದು ಯಾವಾಗ್ಲೂ ಉದ್ದ. ಒಂದೇ ಪುಸ್ತಕ ತಗೊಳ್ಳೋಕೆ ಆಗೋದು ಅಂದ್ರೆ ಯಾವುದು ತಗೊಳ್ಳಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಪದಗಳಿಲ್ಲದ ಪುಸ್ತಕದ ಕಡೆಗೇ ಕೈ ತೋರಿಸೋದು.

ಗಂಟು ಹಾಕಿದ ವರ್ಕ್‌ಬುಕ್

ವರ್ಕ್‌ಬುಕ್ ಬಗ್ಗೆ ನನ್ನ ತಕರಾರು ಇದೇ. ಒಂದು ಪುಟ ವ್ಯವಕಲನ ಅಂದ್ರೆ ಅದು ಬರೀ ವ್ಯವಕಲನ ಅಲ್ಲ. ಮೇಲೆ ಇರೋ ಸೂಚನೆ ಓದಬೇಕು, ಚೌಕದೊಳಗೆ ಅಂಕಿ ಬರೀಬೇಕು, ಇಪ್ಪತ್ತು ಲೆಕ್ಕ ಮುಗಿಯೋ ತನಕ ಕೂರಬೇಕು. ನಾಲ್ಕು ಕೆಲಸಾನ ಒಟ್ಟಿಗೆ ಗಂಟು ಹಾಕಿಟ್ಟಿದಾರೆ, ಯಾವುದೊಂದು ಬರದಿದ್ರೂ ಪುಟ ಖಾಲಿ, ಪುಟ ಖಾಲಿ ಅಂದ್ರೆ ಮಗೂಗೆ ವ್ಯವಕಲನ ಬರಲ್ಲ ಅಂತ ತೀರ್ಪು. ದೊಡ್ಡವಳು ಸೂಚನೆಯಲ್ಲೇ ನಿಂತುಬಿಡ್ತಾಳೆ, ನಡುವಿನವನು ಬರೆಯೋದ್ರಲ್ಲಿ. ಇಬ್ಬರಿಗೂ ಹದಿಮೂರರಲ್ಲಿ ಐದು ಹೋದ್ರೆ ಎಷ್ಟು ಅಂತ ಬಾಯಲ್ಲಿ ಕೇಳಿದ್ರೆ ಎಂಟು ಅಂತ ಹೇಳ್ತಾರೆ. ಹಾಗಾಗಿ ಪುಟಾನ ಬಿಚ್ತೀನಿ. ಅವಳಿಗೆ ಸೂಚನೆ ನಾನು ಓದ್ತೀನಿ, ಅವನಿಗೆ 0 ಇಂದ 9ರ ತನಕ ಅಂಕಿ ಬರೆದ ಬಿಲ್ಲೆಗಳು, ಬರೆಯೋ ಬದಲು ಚೌಕದ ಮೇಲೆ ಇಟ್ಟರಾಯ್ತು. ಇಪ್ಪತ್ತರಲ್ಲಿ ಆರು ಮಾಡಿದ್ರೆ ಸಾಕು, ಆರೂ ಸರಿ ಇದ್ರೆ ಉಳಿದ ಹದಿನಾಲ್ಕು ಯಾರಿಗೋಸ್ಕರ? ಬರೆಯೋದನ್ನ ಕಲಿಸಲ್ಲ ಅಂತ ಅಲ್ಲ, ಅದಕ್ಕೆ ಬೇರೆ ಹೊತ್ತು, ಬೇರೆ ಸಾಮಾನು.

ಚಂದ ಜಾಸ್ತಿ ಆದ್ರೆ

ಇನ್ನು ನೋಡಿದ ತಕ್ಷಣ ಕೊಂಡ್ಕೊಬೇಕು ಅನ್ಸೋ ಸಾಮಾನುಗಳ ವಿಷಯ. ಜೂಡಿ ಡಿಲೋಚ್ ಅನ್ನೋ ಮನಶ್ಶಾಸ್ತ್ರಜ್ಞೆ 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಕೋಣೆ, ಅದರದ್ದೇ ಪುಟಾಣಿ ಮಾದರಿ. ಮಾದರೀಲಿ ಚಿಕ್ಕ ಗೊಂಬೆ ಬಚ್ಚಿಡೋದನ್ನ ಮಗೂಗೆ ತೋರಿಸಿ, ದೊಡ್ಡ ಗೊಂಬೆನ ಕೋಣೇಲಿ ಅದೇ ಜಾಗದಲ್ಲಿ ಬಚ್ಚಿಟ್ಟಿದೀವಿ ಹುಡುಕು ಅಂತಾರೆ. ಮೂರು ವರ್ಷದವರು ಬಹುತೇಕ ಹುಡುಕ್ತಾರೆ, ಎರಡೂವರೆ ವರ್ಷದವರಿಗೆ ಆಗಲ್ಲ. ಇದಕ್ಕಿಂತ ನನಗೆ ಹಿಡಿಸಿದ್ದು ಆಮೇಲಿನ ಪ್ರಯೋಗ. ಮೂರು ವರ್ಷದವರಿಗೆ ಮೊದಲು ಆ ಮಾದರಿ ಜೊತೆ ಆಟ ಆಡೋಕೆ ಬಿಟ್ಟರೆ ಅವರ ಹುಡುಕಾಟ ಕೆಡುತ್ತೆ, ಅದೇ ಮಾದರೀನ ಗಾಜಿನ ಹಿಂದೆ ಇಟ್ಟು ಮುಟ್ಟೋಕೆ ಬಿಡದಿದ್ರೆ ಎರಡೂವರೆ ವರ್ಷದವರೂ ಸುಧಾರಿಸ್ತಾರೆ. ಅಂದ್ರೆ ವಸ್ತು ತಾನೇ ಆಟಿಕೆ ಆಗಿ ಎಷ್ಟು ಸೆಳೆಯುತ್ತೋ, ಅದು ಬೇರೆ ಯಾವುದನ್ನೋ ಸೂಚಿಸ್ತಿದೆ ಅನ್ನೋದು ಚಿಕ್ಕ ಮಗೂಗೆ ಅಷ್ಟು ಮರೆಯಾಗುತ್ತೆ. ಎಣಿಸೋಕೆ ಅಂತ ತಂದ ಪ್ಲಾಸ್ಟಿಕ್ ಡೈನೋಸಾರ್‌ಗಳು ನಮ್ಮನೇಲಿ ಯಾವತ್ತೂ ಐದು ಕೂಡಿಸು ಮೂರು ಆಗ್ಲಿಲ್ಲ, ಐದು ಡೈನೋಸಾರ್ ಮೂರು ಡೈನೋಸಾರ್‌ನ ತಿಂದುಬಿಡ್ತಿದ್ವು. ಗುಂಡಿ, ಕಲ್ಲು, ಬಿಲ್ಲೆ ಆದ್ರೆ ಆ ಸಮಸ್ಯೆ ಇಲ್ಲ. ಡಿಲೋಚ್ ತಂಡ ಅಕ್ಷರ ಕಲಿಸೋ ಪುಸ್ತಕಗಳ ಮೇಲೂ ಕೆಲಸ ಮಾಡಿದೆ, ಎಳೆಯೋದು ತೆರೆಯೋದು ಇರೋ ಪುಸ್ತಕಕ್ಕಿಂತ ಸಾದಾ ಪುಸ್ತಕದಿಂದಲೇ ಪುಟ್ಟ ಮಕ್ಕಳು ಹೆಚ್ಚು ಅಕ್ಷರ ಕಲಿತ್ರು.

ಗೋಡೆಗೂ ಇದೇ ಮಾತು. ಹೋಂಸ್ಕೂಲಿಂಗ್ ರೂಮ್ ಅಂತ ಫೋಟೋಗಳಲ್ಲಿ ನೋಡ್ತೀವಲ್ಲ, ಛಾವಣಿ ತನಕ ಚಾರ್ಟು, ತೋರಣ, ನಕ್ಷೆ. 2014ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಿಗೆ ಒಂದಿಷ್ಟು ಪಾಠ ಅಲಂಕಾರ ತುಂಬಿದ ಕೋಣೇಲಿ, ಒಂದಿಷ್ಟು ಖಾಲಿ ಗೋಡೆ ಕೋಣೇಲಿ ಮಾಡಿದ್ರು. ಅಲಂಕಾರದ ಕೋಣೇಲಿ ಗಮನ ಹೆಚ್ಚು ಚದುರಿತು, ಕಲಿತಿದ್ದೂ ಕಮ್ಮಿ. ಗಮನ ಹಿಡಿದಿಡೋದೇ ಕಷ್ಟ ಆಗಿರೋ ಮಗು ಮನೇಲಿದ್ರಂತೂ ಇದನ್ನ ಯೋಚನೆ ಮಾಡ್ಲೇಬೇಕು. (ನಮ್ಮನೆ ಗೋಡೆ ಮೇಲೆ ಈಗ ಉಳಿದಿರೋದು ಒಂದು ನಕ್ಷೆ, ಮತ್ತೆ ಚಿಕ್ಕವಳು ಯಾರ ಪರ್ಮಿಷನ್ನೂ ಇಲ್ಲದೆ ಕ್ರೇಯಾನ್‌ನಲ್ಲಿ ಬರೆದಿರೋ ಒಂದು ಆನೆ.)

ಮಾಂಟೆಸರಿ ಸಾಮಾನು ಅಂದ್ರೆ ಇವತ್ತು ಮರದ ದುಬಾರಿ ಆಟಿಕೆ ಅಂತಾಗಿದೆ. ಆದ್ರೆ ಅದರ ಹುಟ್ಟು ನೆನಪಿಟ್ಕೊಂಡ್ರೆ ಆಯ್ಕೆ ಸುಲಭ ಆಗುತ್ತೆ. ಮರಿಯಾ ಮಾಂಟೆಸರಿ ಅನ್ನೋ ಇಟಲಿಯ ವೈದ್ಯೆ 1907ರಲ್ಲಿ ರೋಮ್‌ನಲ್ಲಿ "ಮಕ್ಕಳ ಮನೆ" ಅನ್ನೋ ತಮ್ಮ ಶಾಲೆ ತೆರೆಯೋಕೆ ಮುಂಚೆ ಕೆಲಸ ಮಾಡಿದ್ದು, ಆ ಕಾಲದವರು ಕಲಿಯೋಕೇ ಆಗಲ್ಲ ಅಂತ ಕೈಬಿಟ್ಟಿದ್ದ ಮಕ್ಕಳ ಜೊತೆ. ಅಲ್ಲಿ ಅವರು ಇಟಾರ್ಡ್, ಸೆಗಾಂ ಅನ್ನೋ ಫ್ರೆಂಚ್ ವೈದ್ಯರು ಅಂಥ ಮಕ್ಕಳಿಗಾಗಿ ಮಾಡಿದ್ದ ಕೆಲಸಾನೇ ಆಧಾರ ಮಾಡ್ಕೊಂಡ್ರು. ಅಂದ್ರೆ ಎಲ್ಲರಿಗಿಂತ ಹೆಚ್ಚು ಕಷ್ಟ ಪಡೋ ಮಗೂನ ಮನಸ್ಸಲ್ಲಿಟ್ಕೊಂಡು ಮಾಡಿದ ಸಾಮಾನು ಆಮೇಲೆ ಎಲ್ಲರಿಗೂ ಆಯ್ತು. ಅವರ ಗುಲಾಬಿ ಗೋಪುರ ನೋಡಿ, ಹತ್ತು ಘನ, ಒಂದು ಸೆಂಟಿಮೀಟರ್‌ನಿಂದ ಹತ್ತು ಸೆಂಟಿಮೀಟರ್ ತನಕ, ಎಲ್ಲ ಒಂದೇ ಬಣ್ಣ. ಬದಲಾಗೋದು ಗಾತ್ರ ಒಂದೇ, ಹಾಗಾಗಿ ಮಗು ನೋಡೋದೂ ಗಾತ್ರ ಒಂದನ್ನೇ. ಅದರ ನಕಲು ಅಂತ ಹತ್ತು ಬಣ್ಣದಲ್ಲಿ, ಮೇಲೆ ಪ್ರಾಣಿ ಚಿತ್ರ ಅಂಟಿಸಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಮಾರ್ತಾರಲ್ಲ, ಅದರಲ್ಲಿ ಎಲ್ಲ ಇದೆ, ಆ ಒಂದು ವಿಚಾರ ಬಿಟ್ಟು.

ಒಂದು ಡಬ್ಬ, ಮೂರು ಮಕ್ಕಳು

ಮೂರೂ ಜನಾನ ಒಟ್ಟಿಗೆ ಕೂರಿಸೋಕೆ ಆಗೋ ಸಾಮಾನು ಸಿಕ್ಕರೆ ನನಗೆ ಅದಕ್ಕಿಂತ ಭಾಗ್ಯ ಇಲ್ಲ, ಯಾಕಂದ್ರೆ ಮೂರು ಬೇರೆ ಪಾಠ ಮೂರು ಮೂಲೇಲಿ ನಡೆಸೋಕೆ ನನಗಿರೋದು ಎರಡೇ ಕೈ. ಬೆಲ್ಜಿಯಂನ ಜಾರ್ಜ್ ಕ್ವಿಸನೇರ್ ಅನ್ನೋ ಮೇಷ್ಟ್ರು ಮಾಡಿದ ಬಣ್ಣದ ಕಡ್ಡಿಗಳು ಇಂಥ ಸಾಮಾನು. ಹತ್ತು ಉದ್ದ, ಹತ್ತು ಬಣ್ಣ. ಬಿಳಿ ಒಂದು ಸೆಂಟಿಮೀಟರ್, ಕೆಂಪು ಎರಡು, ಹೀಗೇ ಹೋಗಿ ಕಿತ್ತಳೆ ಹತ್ತು. ಮೇಲೆ ಅಂಕಿ ಇಲ್ಲ, ಲೆವೆಲ್ ಇಲ್ಲ. ಚಿಕ್ಕವಳು ಸಾಲಾಗಿ ಜೋಡಿಸಿ ಮೆಟ್ಟಿಲು ಮಾಡ್ತಾಳೆ, ಕಪ್ಪು ಕಡ್ಡಿ ಬಿಟ್ಟು ಹೋದ್ರೆ ಒಂದು ಮೆಟ್ಟಿಲು ಎತ್ತರ ಹಾರುತ್ತೆ, ಬೆರಳಲ್ಲಿ ನಡ್ಕೊಂಡು ಹೋಗುವಾಗ ಅವಳಿಗೇ ಗೊತ್ತಾಗಿ ಹುಡುಕ್ತಾಳೆ, ನಾನು ತಪ್ಪು ಅನ್ನೋ ಅವಶ್ಯಕತೆ ಇಲ್ಲ. ನಡುವಿನವನು ಕಿತ್ತಳೆ ಪಕ್ಕ ಅದಕ್ಕೆ ಸಮ ಆಗೋ ಜೋಡಿ ಹುಡುಕ್ತಾನೆ, ನೀಲಿ ಬಿಳಿ, ಕಂದು ಕೆಂಪು, ಕಪ್ಪು ತಿಳಿಹಸಿರು, ಕಡುಹಸಿರು ನೇರಳೆ, ಹಳದಿ ಹಳದಿ. ಬರೆಯೋ ಗೋಜಿಲ್ಲದ್ದಕ್ಕೆ ಅವನು ಅಲ್ಲಿ ಬೇರೆಯೇ ಹುಡುಗ.

ದೊಡ್ಡವಳ ಜೊತೆ ನಡೆದ ಮಾತುಕತೆ ಹೆಚ್ಚುಕಮ್ಮಿ ಹೀಗಿತ್ತು. "ಕಂದು ಕಡ್ಡಿಗೆ ಒಂದು ಅಂತ ಹೆಸರಿಡೋಣ. ನೇರಳೆ ಎಷ್ಟು?" ಎರಡು ನೇರಳೆ ಇಟ್ಟು ನೋಡಿ "ಅರ್ಧ" ಅಂದ್ಲು. "ಕೆಂಪು?" "ಕಾಲು." "ಬಿಳಿ?" ಎಂಟು ಬಿಳಿ ಜೋಡಿಸೋಕೆ ಹೋಗಿ, ನಾಲ್ಕಕ್ಕೆ ನಿಲ್ಲಿಸಿ, "ಎಂಟರಲ್ಲೊಂದು ಭಾಗ." "ಸರಿ, ಈಗ ಹೆಸರು ಬದಲಾಯಿಸ್ತೀನಿ. ನೇರಳೇನೇ ಒಂದು. ಕಂದು?" "ಎರಡು." "ಬಿಳಿ?" ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ, "ಕಾಲು! ಅಮ್ಮ, ಕಡ್ಡಿ ಅದೇ ಅಲ್ವಾ, ಆಗಲೇ ಎಂಟರಲ್ಲೊಂದು ಅಂದಿದ್ವಿ, ಈಗ ಕಾಲು ಹೆಂಗಾಯ್ತು?" ನಾನು ಉತ್ತರ ಕೊಡ್ಲಿಲ್ಲ, ಅವಳೇ ಕೊಟ್ಕೊಂಡ್ಲು, ತಮ್ಮನಿಗೆ ವಿವರಿಸೋ ನೆಪದಲ್ಲಿ. ಆ ಮಧ್ಯಾಹ್ನ ಆ ಮೇಜಿನ ಮೇಲೆ ಯಾರು ಯಾವ ಲೆವೆಲ್ ಅಂತ ಹೇಳೋಕೆ ಯಾರಿಗೂ ಆಗ್ತಿರಲಿಲ್ಲ. ಕಡ್ಡಿ ಕೊಳ್ಳೋಕೆ ಆಗದಿದ್ರೆ ಚೌಕುಳಿ ಪೇಪರ್‌ಗೆ ಬಣ್ಣ ಹಚ್ಚಿ ಕತ್ತರಿಸಿದ್ರೂ ನಡೆಯುತ್ತೆ, ಸ್ವಲ್ಪ ಬೇಗ ಹರಿಯುತ್ತೆ ಅಷ್ಟೇ. ಬಣ್ಣ ಗುರುತಿಸೋಕೆ ತೊಂದರೆ ಇರೋ ಮಗೂಗೂ ಉದ್ದ ಬೇರೆ ಬೇರೆ ಇರೋದ್ರಿಂದ ಆಟ ನಿಲ್ಲಲ್ಲ, ಯಾವುದೇ ಸಾಮಾನು ಆರಿಸುವಾಗ ಇದೂ ನೋಡ್ಕೊಳ್ಳೋ ವಿಷಯ, ಉತ್ತರ ಬರೀ ಬಣ್ಣದ ಮೇಲೇ ನಿಂತಿದೆಯಾ ಅಂತ.

ಇನ್ನೊಂದು ಇದಕ್ಕಿಂತ ಸರಳ, ಕಾಯಿ ನಡೆಸೋ ಒಂದು ಬೋರ್ಡ್ ಆಟ. ಸೀಗ್ಲರ್ ಮತ್ತು ರಮಣಿ ಅನ್ನೋ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದು, ಒಂದು ಸಾಲಲ್ಲಿ 1ರಿಂದ 10ರ ತನಕ ಮನೆಗಳು, ತಿರುಗಿಸೋ ಮುಳ್ಳಲ್ಲಿ ಒಂದು ಅಥವಾ ಎರಡು ಬೀಳುತ್ತೆ, ಕಾಯಿ ನಡೆಸುವಾಗ ಆ ಮನೆಯ ಅಂಕಿ ಬಾಯಲ್ಲಿ ಹೇಳಬೇಕು. ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳ ಜೊತೆ ಎರಡು ವಾರದಲ್ಲಿ ಹದಿನೈದಿಪ್ಪತ್ತು ನಿಮಿಷದ ನಾಲ್ಕೇ ಸಲ ಆಡಿದ್ದಕ್ಕೆ, ಯಾವ ಸಂಖ್ಯೆ ದೊಡ್ಡದು, ಎಲ್ಲಿ ಬರುತ್ತೆ ಅನ್ನೋ ಅಂದಾಜು ಚೆನ್ನಾಗಿ ಸುಧಾರಿಸಿತು. ಅದೇ ಆಟ ಅಂಕಿ ಬದಲು ಬಣ್ಣದ ಮನೆ ಇಟ್ಟು ಆಡಿದವರಿಗೆ ಆ ಲಾಭ ಸಿಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಮಗು ಐದನೇ ಮನೇಲಿದ್ದು ಎರಡು ಬಿದ್ದರೆ "ಒಂದು, ಎರಡು" ಅಂತ ನಡೀಬಾರ್ದು, "ಆರು, ಏಳು" ಅಂತ ನಡೀಬೇಕು. ಚಿಕ್ಕವಳಿಗೆ ಹೀಗೆ. ನಡುವಿನವನಿಗೆ ಅದೇ ರಟ್ಟಿನ ಹಾಳೆ ಹಿಂದೆ ಹತ್ತು ಹತ್ತು ಜಾಸ್ತಿ ಆಗ್ತಾ ನೂರರ ತನಕ. ಪಗಡೆ ಬಿದ್ದಂಗೆ ಗೆಲ್ಲೋದ್ರಿಂದ ನಾಲ್ಕು ವರ್ಷದವಳು ಎಂಟು ವರ್ಷದವಳನ್ನ ಆಗಾಗ ಸೋಲಿಸ್ತಾಳೆ, ಮನೇಲಿ ಅದು ಬೇಕು ಕೂಡ.

ಮಾರೋರು ಹೇಳೋ ಮಾತು

ಮಗು ವಿಷುವಲ್ ಲರ್ನರಾ, ಅಂದ್ರೆ ನೋಡಿ ಕಲಿಯೋದಾ, ಇಲ್ಲ ಕೇಳಿ ಕಲಿಯೋದಾ ಅಂತ ಹತ್ತು ಪ್ರಶ್ನೆ ಕೇಳಿ ಅದಕ್ಕೆ ತಕ್ಕ ಕಿಟ್ ಮಾರೋದು ನಡೀತಾನೇ ಇರುತ್ತೆ. 2008ರಲ್ಲಿ ಪ್ಯಾಶ್ಲರ್ ಮತ್ತೆ ಮೂವರು ಸಂಶೋಧಕರು ಅಲ್ಲಿಯ ತನಕದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಮಗುವಿನ ಸ್ಟೈಲ್‌ಗೆ ಹೊಂದಿಸಿ ಪಾಠ ಮಾಡಿದ್ರೆ ಹೆಚ್ಚು ಕಲಿಯುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದ್ರು. ಓದೋ ತೊಂದರೆಗೆ ಅಂತ ಬಣ್ಣದ ಪಾರದರ್ಶಕ ಹಾಳೆ, ಬಣ್ಣದ ಕನ್ನಡಕ ಮಾರ್ತಾರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಕಣ್ಣಿನ ವೈದ್ಯರ ಸಂಘಟನೆಗಳು ಸೇರಿ 2009ರಲ್ಲೇ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿವೆ. ಕಣ್ಣು ಕಿವಿ ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸೋದು ಮಾತ್ರ ಯಾವ ಕಿಟ್‌ಗಿಂತಲೂ ಮೊದಲು ಆಗಬೇಕಾದ ಕೆಲಸ, ಬೋರ್ಡ್ ಕಾಣದೇ ಇರೋದಕ್ಕೂ ಅಕ್ಷರ ಬಾರದೇ ಇರೋದಕ್ಕೂ ಮನೇಲಿ ಕೂತು ವ್ಯತ್ಯಾಸ ಕಂಡುಹಿಡಿಯೋದು ಸುಲಭ ಅಲ್ಲ. ಆಮೇಲೂ ಓದು ಹತ್ತದಿದ್ರೆ ತಿಳಿದವರ ಹತ್ರ ತೋರಿಸೋದು, ಹೊಸ ಪುಸ್ತಕ ತರೋದಲ್ಲ.

ಖರ್ಚಿಲ್ಲದೆ ಸಿಕ್ಕಿದ್ದು ಒಂದಿದೆ. 2012ರಲ್ಲಿ ಇಟಲಿ ಮತ್ತು ಫ್ರಾನ್ಸ್‌ನಲ್ಲಿ ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಬಿಡಿಸಿ ಓದೋದೇ ಕಷ್ಟ ಆಗೋ ತೊಂದರೆ, ಇರೋ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಅಕ್ಷರಗಳ ಮಧ್ಯೆ ಜಾಗ ಜಾಸ್ತಿ ಬಿಟ್ಟಿದ್ದಕ್ಕೇ ಓದು ಅಲ್ಲೇ, ಆಗಲೇ ಸುಧಾರಿಸಿತ್ತು. ಅದು ರೋಮನ್ ಲಿಪಿ, ನಮ್ಮದಕ್ಕೆ ಅಷ್ಟೇ ಫಲ ಕೊಡುತ್ತೆ ಅಂತ ನಾನು ಹೇಳಲ್ಲ. ಆದ್ರೆ ದೊಡ್ಡವಳ ಪಾಠಗಳನ್ನ ನಾನೇ ಟೈಪ್ ಮಾಡಿ ಪ್ರಿಂಟ್ ತೆಗೆಯುವಾಗ ಅಕ್ಷರ ದೊಡ್ಡದು ಮಾಡಿ, ಪದಗಳ ಮಧ್ಯೆ ಜಾಗ ಬಿಟ್ಟು, ಮುಖ್ಯವಾಗಿ ಸಾಲುಗಳ ಮಧ್ಯೆ ಜಾಗ ಬಿಟ್ಟು ಕೊಡ್ತೀನಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ನೇತಾಡುತ್ತಲ್ಲ, ಸಾಲು ಒತ್ತೊತ್ತಾಗಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತಾ ಇರುತ್ತೆ, ಅವಳು ಅದನ್ನ ಯಾವ ಅಕ್ಷರಕ್ಕೆ ಸೇರಿಸೋದು ಅಂತ ನಿಂತುಬಿಡೋಳು. ಈಗ ಆ ಒಂದು ತಡೆ ಕಮ್ಮಿ.

ಅರ್ಧಕ್ಕೆ ಬಿಡೋದು

ಕೊಂಡ ಪುಸ್ತಕಾನ ಕೊನೇ ಪುಟದ ತನಕ ಮುಗಿಸಲೇಬೇಕು ಅನ್ನೋ ಹಟ ನಮ್ಮಲ್ಲಿ ಎಲ್ಲಿಂದ ಬಂತೋ, ಸಾಲದ ಕಂತು ಕಟ್ಟೋ ಥರ ದಿನಾ ಎರಡು ಪುಟ. ನಾನು ಈಗ ಯಾವುದನ್ನೂ ಮೊದಲ ಪುಟದಿಂದ ಶುರು ಮಾಡಲ್ಲ. ಮಧ್ಯದ ಒಂದು ಪುಟ ಫೋಟೋ ತೆಗೆದು, ಅಥವಾ ಕೈಯಲ್ಲಿ ಬರ್ಕೊಂಡು ಬಂದು ಮಗು ಮುಂದೆ ಇಡ್ತೀನಿ. ಸುಲಭ ಆಯ್ತಾ, ಮುಂದಕ್ಕೆ ಹೋಗ್ತೀನಿ, ಸಿಕ್ಕಿಹಾಕ್ಕೊಂಡ್ರಾ, ಎಲ್ಲಿ ಅಂತ ಗೊತ್ತಾಗೋ ತನಕ ಹಿಂದೆ ಬರ್ತೀನಿ. ಎಷ್ಟೋ ಸಲ ಬೇಕಾಗೋದು ಪುಸ್ತಕದ ನಡುವಿನ ಒಂದು ಅಧ್ಯಾಯ ಅಷ್ಟೇ. ಲೆಕ್ಕದಲ್ಲಿ ಒಂದರ ಮೇಲೊಂದು ಕಟ್ಟಿಕೊಂಡು ಹೋಗೋ ವಿಷಯ ಇರೋದ್ರಿಂದ ಕ್ರಮ ಇರೋ ಒಂದು ಪುಸ್ತಕ ನನಗೋಸ್ಕರ ಕಪಾಟಲ್ಲಿ ಇಟ್ಕೊಂಡಿದೀನಿ, ಏನು ಬಿಟ್ಟುಹೋಯ್ತು ಅಂತ ನೋಡ್ಕೊಳ್ಳೋಕೆ. ಮಕ್ಕಳಿಗೆ ಅದು ಅಮ್ಮನ ಪುಸ್ತಕ.

ಇನ್ನೂ ಬಗೆಹರಿಯದೇ ಇರೋದು ನಡುವಿನವನ ಬರವಣಿಗೆ. ದಪ್ಪ ಪೆನ್ಸಿಲ್, ಮೂರು ಮೂಲೆ ಪೆನ್ಸಿಲ್, ರಬ್ಬರ್ ಗ್ರಿಪ್ ಎಲ್ಲ ಬಂದು ಡ್ರಾಯರ್ ಸೇರಿವೆ. ಕಾಪಿ ಬರೆಯೋ ಪುಸ್ತಕಗಳಲ್ಲಿ ಚುಕ್ಕಿ ಮೇಲೆ ತಿದ್ದಿಸೋದೇ ಎಲ್ಲ, ಅವನ ಕೈಗೆ ಶಕ್ತಿ ಸಾಲದೇ ಇರೋದಕ್ಕೆ ಚುಕ್ಕಿ ಏನು ಮಾಡುತ್ತೆ. ಆಕ್ಯುಪೇಷನಲ್ ಥೆರಪಿ (ಬರೆಯೋದು, ಗುಂಡಿ ಹಾಕೋದು ಥರದ ದಿನದ ಕೆಲಸಗಳಿಗೆ ಕೈ ಪಳಗಿಸೋ ಚಿಕಿತ್ಸೆ) ಗೊತ್ತಿರೋ ಒಬ್ಬರು ಉದ್ದ ಪೆನ್ಸಿಲ್ ಬದಲು ಚಾಕ್‌ಪೀಸನ್ನ ಬೆರಳ ತುದಿಯಷ್ಟು ಮುರಿದು ಕೊಡಿ ಅಂದ್ರು, ಅಷ್ಟು ಚಿಕ್ಕದಿದ್ರೆ ಮುಷ್ಟಿಯಲ್ಲಿ ಹಿಡಿಯೋಕೇ ಆಗಲ್ಲ, ಬೆರಳಲ್ಲೇ ಹಿಡೀಬೇಕು, ಮತ್ತೆ ಹಲಗೇನ ಗೋಡೆಗೆ ನಿಲ್ಲಿಸಿ ಬರೆಸಿ, ಮಣಿಕಟ್ಟು ಸರಿಯಾಗಿ ಕೂರುತ್ತೆ ಅಂತ. ಸದ್ಯಕ್ಕೆ ಅದೇ ನಡೀತಿದೆ. ಅಕ್ಷರ ಇನ್ನೂ ಅಡ್ಡಾದಿಡ್ಡಿ, ಅಳು ಕಮ್ಮಿ ಆಗಿದೆ. ಚಿಕ್ಕವಳು ತನಗೂ ಮುರಿದ ಚಾಕೇ ಬೇಕು ಅಂತ ಹೊಸ ಡಬ್ಬದಲ್ಲಿದ್ದಿದ್ದನ್ನೆಲ್ಲ ತುಂಡು ಮಾಡಿಟ್ಟಿದ್ದಾಳೆ.